ಕಡಲಿನ ತಳದ ಕೆಳಗೆ ಬೂಸ್ಟು ಬೆಳೆಯುತ್ತದಾ? ಒಂಬತ್ತನೇ ಕ್ಲಾಸಿನ ಒಂದು ಪ್ರಶ್ನೆ

ಕುಂಬಳೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಶಿಲೀಂಧ್ರದ ಪಾಠ ಇತ್ತು. ಮಳೆಗಾಲ ಅಲ್ವಾ, ಉದಾಹರಣೆ ಹುಡುಕಬೇಕಾಗಿಯೇ ಇರಲಿಲ್ಲ. ಗೋಡೆಯಲ್ಲಿ ಬೂಸ್ಟು, ಚಪ್ಪಲಿಯಲ್ಲಿ ಬೂಸ್ಟು, ಅಟ್ಟದ ಕೊಬ್ಬರಿಯಲ್ಲೂ ಬೂಸ್ಟು. ‘ಬೂಸ್ಟು ಬರಲು ಏನೇನು ಬೇಕು?’ ಎಂದು ಕೇಳಿದೆ. ತೇವ ಬೇಕು, ಗಾಳಿ ಬೇಕು, ತಿನ್ನಲು ಏನಾದರೂ ಬೇಕು ಎಂದು ಮಕ್ಕಳೇ ಹೇಳಿದರು. ನಾನು ಅದನ್ನೇ ಬೋರ್ಡಿನಲ್ಲಿ ಬರೆದೆ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ಬೋಟಿಗೆ ಹೋಗುವವರು. ‘ಟೀಚರ್, ಕಡಲಿನ ಅಡಿಯ ಕೆಸರಲ್ಲಿ ತೇವ ಉಂಟು. ಸತ್ತ ಮೀನು ಉಂಟು. ಗಾಳಿ ಮಾತ್ರ ಇಲ್ಲ. ಅಲ್ಲಿ ಬೂಸ್ಟು ಬರ್ತದಾ?’

ಓದಿ ನೋಡಿ ಹೇಳುತ್ತೇನೆ ಎಂದೆ. ರಾತ್ರಿ ಓದಲು ಕೂತವಳಿಗೆ ಹನ್ನೆರಡು ಗಂಟೆಯಾದರೂ ಏಳಲು ಆಗಲಿಲ್ಲ. ಜಪಾನಿನ ಹತ್ತಿರ ಕಡಲಿನ ತಳದಿಂದಲೂ ಸುಮಾರು 2 ಕಿಲೋಮೀಟರ್ ಕೆಳಗಿನ ಪದರದಿಂದ ಶಿಲೀಂಧ್ರ ತೆಗೆದು ಬೆಳೆಸಿದ್ದಾರಂತೆ. ಅಲ್ಲಿ ಬೆಳಕಿಲ್ಲ, ಆಮ್ಲಜನಕ ಇಲ್ಲ. ನಾನು ಬೋರ್ಡಿನಲ್ಲಿ ಬರೆದ ‘ಗಾಳಿ ಬೇಕು’ ಎನ್ನುವ ಮಾತು ಹಾಗಾದರೆ ತಪ್ಪಾ? ಮಕ್ಕಳಿಗೆ ಹೇಗೆ ಹೇಳಲಿ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಸೋಮವಾರ ಅದೇ ಕ್ಲಾಸಿಗೆ ಮತ್ತೆ ಹೋಗಬೇಕು. ಆ ಹುಡುಗಿ ಮರೆತಿರುವುದಿಲ್ಲ.

ಪೆರ್ಲದ ಅಡಿಕೆ ತೋಟ

ಟೀಚರೇ, ನಾನು ವಿಜ್ಞಾನ ಓದಿದವನಲ್ಲ. ಆದರೆ ಕೊಳೆರೋಗದ ಜೊತೆ ಮೂವತ್ತು ವರ್ಷದಿಂದ ಏಗಿದ್ದೇನೆ. ಆ ಅನುಭವದಿಂದ ಒಂದು ಮಾತು ಕೇಳುತ್ತೇನೆ.

ಮೈಲುತುತ್ತು ಸುಣ್ಣ ಕದಡಿ ಮದ್ದು ಬಿಡುವಾಗ ಒಂದು ಮರ ಬಿಟ್ಟುಹೋದರೆ ಸಾಕು. ಆ ಒಂದು ಗೊನೆಯಿಂದ ಹದಿನೈದು ದಿನದಲ್ಲಿ ಇಡೀ ಸಾಲಿನ ಕಾಯಿ ಉದುರಿ ನೆಲದಲ್ಲಿರುತ್ತದೆ. ರೋಗದ ಬೀಜ ಮಳೆ ಹನಿಯಲ್ಲಿ ಬರುತ್ತದೆ, ಗಾಳಿಯಲ್ಲಿ ಬರುತ್ತದೆ, ಮದ್ದು ಬಿಡುವವನ ಕೈಯಲ್ಲೂ ಬರುತ್ತದೆ. ಎಲ್ಲಿಂದ ಬಂತು ಎಂದು ಯಾರೂ ಹೇಳಲಾರರು.

ಅಷ್ಟು ದೊಡ್ಡ ಹಡಗು, ಅಷ್ಟು ಉದ್ದದ ಪೈಪು, ನೂರಾರು ಜನ. ಪೈಪಿನಲ್ಲಿ ಬೂಸ್ಟಿನ ಬೀಜ ಇರಬಹುದು, ಜನರ ಅಂಗಿಯಲ್ಲಿ ಇರಬಹುದು, ಹಡಗಿನ ಲ್ಯಾಬಿನಲ್ಲೇ ಇರಬಹುದು. ಅದು ಕೆಳಗೆ ಮೊದಲೇ ಇತ್ತೋ, ಇವರೇ ಮೇಲಿನಿಂದ ತೆಗೆದುಕೊಂಡು ಹೋದರೋ? ಇದಕ್ಕೆ ಉತ್ತರ ಸಿಗದೆ ನಾನು ನಂಬುವುದಿಲ್ಲ. ತಪ್ಪು ತಿಳಿಯಬೇಡಿ.

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ಪೆರ್ಲದ ಅಣ್ಣ, ನೀವು ಕೇಳಿದ್ದೇ ಈ ವಿಷಯದ ಮುಖ್ಯ ಪ್ರಶ್ನೆ. ನಾನು ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕಡಲಂಚಿನ ಹೂಳು ನನ್ನ ಕೆಲಸ. ಆಳ ಕಡಲಿಗೆ ನಾನು ಹೋಗಿಲ್ಲ. ಆದರೆ ನಿಮ್ಮ ಈ ಸಂಶಯದಲ್ಲೇ ನಮ್ಮ ಅರ್ಧ ದಿನ ಕಳೆಯುತ್ತದೆ.

ಮೊದಲು ನನಗೇ ಆದದ್ದು ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಲ್ಯಾಬಿನಲ್ಲಿ ಹೂಳಿನಿಂದ ಹನ್ನೊಂದು ಬಗೆಯ ಶಿಲೀಂಧ್ರ ಬೆಳೆಸಿದ್ದೆ. ತುಂಬಾ ಖುಷಿಯಾಗಿತ್ತು. ಹೂಳು ಹಾಕದೆ ಸುಮ್ನೆ ತೆರೆದಿಟ್ಟ ತಟ್ಟೆಗಳನ್ನು ಆಮೇಲೆ ನೋಡಿದೆ. ಅದರಲ್ಲೂ ಏಳು ಬಗೆ ಬೆಳೆದಿತ್ತು, ಅವೇ ಏಳು! ಎಸಿಯ ಗಾಳಿಯಿಂದ ಬಂದದ್ದು. ನಾಲ್ಕು ತಿಂಗಳ ಕೆಲಸ ಬಿಟ್ಟುಬಿಟ್ಟೆ. ಅವತ್ತು ತುಂಬಾ ಅತ್ತಿದ್ದೆ.

ಆಳ ಕಡಲಿನ ಕೆಲಸದಲ್ಲಿ ಇದಕ್ಕೆ ಏನು ಮಾಡುತ್ತಾರೆ ಅಂದರೆ, ಕೊರೆಯುವ ಪೈಪಿಗೆ ಬಿಡುವ ದ್ರವದಲ್ಲಿ ಒಂದು ಗುರುತಿನ ರಾಸಾಯನಿಕ ಬೆರೆಸುತ್ತಾರೆ. ಪರ್‌ಫ್ಲೋರೋಕಾರ್ಬನ್ ಜಾತಿಯದ್ದು. ಅದು ಪ್ರಕೃತಿಯಲ್ಲಿ ತಾನಾಗಿ ಇರುವುದಿಲ್ಲ, ಒಂದಿಷ್ಟೇ ಇದ್ದರೂ ಯಂತ್ರ ಪತ್ತೆ ಮಾಡುತ್ತದೆ. ಪೈಪಿನೊಳಗೆ ಹೂಳು ಒಂದು ಉದ್ದ ಕಂಬದ ಹಾಗೆ ಮೇಲೆ ಬರುತ್ತದೆ. ಅದಕ್ಕೆ ಕೋರ್ ಎನ್ನುತ್ತಾರೆ. ಹಲಸಿನ ದಿಂಡಿನ ಹಾಗೆ ಅದರ ನಡುಭಾಗ ಮಾತ್ರ ತೆಗೆದುಕೊಳ್ಳುತ್ತಾರೆ, ಹೊರಗಿನದ್ದು ಬಿಸಾಡುತ್ತಾರೆ. ನಡುಭಾಗದಲ್ಲಿ ಆ ಗುರುತಿನ ರಾಸಾಯನಿಕ ಸಿಕ್ಕಿದರೆ ಹೊರಗಿನ ದ್ರವ ಒಳಗೆ ಹೊಕ್ಕಿದೆ ಎಂದು ಅರ್ಥ. ಆ ತುಂಡನ್ನೂ ನಂಬುವುದಿಲ್ಲ. ಕೊರೆಯುವ ದ್ರವದಲ್ಲಿ ಯಾವ ಜೀವಿ ಇದೆ ಎಂದು ಬೇರೆಯೇ ಪರೀಕ್ಷೆ ಮಾಡಿ, ಆ ಪಟ್ಟಿಯನ್ನು ಕಳೆಯುತ್ತಾರೆ. ಮಾದರಿ ತೆಗೆಯುವ ಜಾಗದಲ್ಲಿ ಖಾಲಿ ತಟ್ಟೆ ಇಡುತ್ತಾರೆ.

ಇಷ್ಟಾದರೂ ಸಂಶಯ ಪೂರ್ತಿ ಹೋಗುವುದಿಲ್ಲ. ಆಳ ಕಡಲಿನ ಹೂಳಿನಲ್ಲಿ ಮಲಸೇಜಿಯಾ ಎಂಬ ಶಿಲೀಂಧ್ರದ ಡಿಎನ್‌ಎ ಎಷ್ಟೋ ಕಡೆ ಸಿಕ್ಕಿದೆ. ಅದು ನಮ್ಮ ತಲೆಹೊಟ್ಟಿನಲ್ಲಿ ಇರುವ ಜಾತಿ. ಮನುಷ್ಯನ ತಲೆಯಿಂದ ಬಿದ್ದದ್ದೋ, ಅಲ್ಲಿಯದ್ದೇ ಆದ ಬೇರೆ ವಂಶವೋ ಎಂದು ಪ್ರತಿ ಸಲ ನೋಡಬೇಕಾಗುತ್ತದೆ. ಬೇರೆ ಬೇರೆ ಕಡಲುಗಳಲ್ಲಿ, ಬೇರೆ ಬೇರೆ ತಂಡಗಳಿಗೆ ಮತ್ತೆ ಮತ್ತೆ ಸಿಕ್ಕಿದ ಕಾರಣ ಎಲ್ಲವನ್ನೂ ತಲೆಹೊಟ್ಟು ಎಂದು ತಳ್ಳಿಹಾಕಲೂ ಆಗುವುದಿಲ್ಲ.

ಇನ್ನೊಂದು ಮಾತು ಅಣ್ಣ, ಕೊಳೆರೋಗದ ಫೈಟಾಫ್ತೊರಾ ನಿಜವಾದ ಶಿಲೀಂಧ್ರ ಅಲ್ಲ. ಅದರ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಇರುತ್ತದೆ. ಶಿಲೀಂಧ್ರದ ಗೋಡೆಯಲ್ಲಿರುವುದು ಕೈಟಿನ್, ಸಿಗಡಿಯ ಸಿಪ್ಪೆಯಲ್ಲಿರುವ ವಸ್ತು. ವಂಶ ನೋಡಿದರೆ ಕೊಳೆರೋಗದ ಜೀವಿ ಕಡಲಿನ ಕಂದು ಪಾಚಿಗೆ ಹತ್ತಿರ.

ಪೆರ್ಲದ ಅಡಿಕೆ ತೋಟ

ಕಂದು ಪಾಚಿಗಾ! ಇಷ್ಟು ವರ್ಷ ಅದಕ್ಕೆ ಬೂಸ್ಟು ಎಂದೇ ಹೇಳುತ್ತಿದ್ದೆ. ನೋಡಲು ಬೆಳ್ಳಗೆ ಬೂಸ್ಟಿನ ಹಾಗೆಯೇ ಇರುತ್ತದಲ್ಲ ತಮ್ಮಾ. ಆಗಲಿ, ತಿಳಿದುಕೊಂಡೆ. ಖಾಲಿ ತಟ್ಟೆಯ ವಿಷಯ ಒಪ್ಪಿಗೆಯಾಯಿತು. ಮುಂದೆ ಹೇಳಿ.

ಮಂಜೇಶ್ವರ ಬೋಟ್

ನಾವು ಆ ಕೆಸರು ಕೈಯಲ್ಲಿ ಮುಟ್ಟುವವರು, ಅದಕ್ಕೆ ಬರೆಯುತ್ತಿದ್ದೇನೆ. ಜುಲೈ 31ಕ್ಕೆ ಟ್ರಾಲಿಂಗ್ ನಿಷೇಧ ಮುಗಿದು ಬೋಟು ಹೊರಡುವಾಗ ಕೆಲವು ಕಡೆ ಬಲೆಯ ಅಡಿಯಲ್ಲಿ ಕಪ್ಪು ಕೆಸರು ಬರುತ್ತದೆ. ಬೆಣ್ಣೆಯಂತೆ ನುಣ್ಣಗೆ. ಕೊಳೆತ ಮೊಟ್ಟೆಯ ವಾಸನೆ. ಆ ಜಾಗದಲ್ಲಿ ಮೀನು ಕಡಿಮೆ. ನನ್ನ ಮಾವ ಹೇಳುತ್ತಿದ್ದರು, ಅಲ್ಲಿ ನೀರಿಗೆ ಉಸಿರಿಲ್ಲ ಅಂತ. ಇದು ದಡದಿಂದ ಸ್ವಲ್ಪ ಆಚೆಯ ಮಾತು, ನೀವು ಹೇಳುವ ಆಳ ಅಲ್ಲ. ಆದರೆ ಗಾಳಿ ಇಲ್ಲದ ಕೆಸರು ನೋಡಲು ಜಪಾನಿಗೆ ಹೋಗಬೇಕಾಗಿಲ್ಲ ಅನಿಸಿತು.

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ನಿಮ್ಮ ಮಾವ ಹೇಳಿದ್ದು ಸರಿಯಾಗಿಯೇ ಇದೆ. ಮಳೆಗಾಲದಲ್ಲಿ ಆಳದ ನೀರು ಪಶ್ಚಿಮ ಕರಾವಳಿಯ ಕಡೆಗೆ ಏರಿ ಬರುತ್ತದೆ. ಅದರಲ್ಲಿ ಆಮ್ಲಜನಕ ತುಂಬಾ ಕಡಿಮೆ. ಅರಬ್ಬಿ ಸಮುದ್ರದ ನಡುವೆ ಸುಮಾರು 150ರಿಂದ 1000 ಮೀಟರ್ ಆಳದ ತನಕ ಇಂಥ ನೀರಿನ ದೊಡ್ಡ ಪದರವೇ ಇದೆ. ಜಗತ್ತಿನಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಮೊಟ್ಟೆ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್‌ನಿಂದ. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಸಲ್ಫೇಟ್ ಬಳಸಿ ಉಸಿರಾಡುತ್ತವೆ, ಆಗ ಆ ಅನಿಲ ಹೊರಬರುತ್ತದೆ.

ಟೀಚರೇ, ನಿಮ್ಮ ‘ಗಾಳಿ ಬೇಕು’ ಎನ್ನುವ ಸಾಲಿಗೆ ಉತ್ತರ ಇಲ್ಲೇ ಇದೆ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿ ಗೋವಾ ಕರಾವಳಿಯ ಹೂಳಿನಿಂದ ಶಿಲೀಂಧ್ರ ತೆಗೆದು ಆಮ್ಲಜನಕ ಇಲ್ಲದ ಬಾಟಲಿಯಲ್ಲಿ ಬೆಳೆಸಿ ನೋಡಿದರು. ಕೆಲವು ಬೆಳೆದವು. ಆಮ್ಲಜನಕದ ಬದಲು ನೈಟ್ರೇಟ್ ಬಳಸಿಕೊಂಡವು. 2009ರಲ್ಲಿ ಇದು ಪ್ರಕಟವಾಯಿತು. ಹಿಟ್ಟು ಹುಳಿ ಬರಿಸುವ ಯೀಸ್ಟ್ ಕೂಡ ಗಾಳಿ ಇಲ್ಲದೆ ಸ್ವಲ್ಪ ಕಾಲ ನಡೆಸುತ್ತದೆ, ಅದು ಮಕ್ಕಳಿಗೆ ಗೊತ್ತಿರುವ ಉದಾಹರಣೆ. ನಿಮ್ಮ ಸಾಲು ತಪ್ಪಲ್ಲ, ‘ಹೆಚ್ಚಿನವಕ್ಕೆ’ ಎಂದು ಸೇರಿಸಿದರೆ ಸಾಕು.

ಗೋವಾದವರ ಇನ್ನೊಂದು ಕೆಲಸ ನಾನು ಹೇಳಲೇಬೇಕು, ಯಾಕೆಂದರೆ ನಮ್ಮ ಪಾಠಗಳಲ್ಲಿ ಅದು ಎಲ್ಲೂ ಬರುವುದಿಲ್ಲ. ಚಂದ್ರಲತಾ ರಘುಕುಮಾರ್, ಶೇಷಗಿರಿ ರಘುಕುಮಾರ್ ಮತ್ತು ಅವರ ಜೊತೆಯವರು ಹಿಂದೂ ಮಹಾಸಾಗರದ ಚಾಗೋಸ್ ಕಂದಕದ ಒಂದು ಕೋರ್ ಪರೀಕ್ಷಿಸಿದರು. ಅಲ್ಲಿ ನೀರಿನ ಆಳ ಸುಮಾರು 5900 ಮೀಟರ್. ಕೋರ್‌ನ ಉದ್ದ ಐದು ಮೀಟರಿಗಿಂತ ಕಡಿಮೆ. ಆದರೆ ಅಲ್ಲಿ ಹೂಳು ಕೂರುವುದು ಅಷ್ಟು ನಿಧಾನ. 370 ಸೆಂಟಿಮೀಟರ್ ಕೆಳಗಿನ ಹೂಳಿನಿಂದಲೂ ಶಿಲೀಂಧ್ರ ಬೆಳೆಯಿತು. ಹೂಳಿನಲ್ಲಿದ್ದ ರೇಡಿಯೊಲೇರಿಯಾ ಎಂಬ ಸಣ್ಣ ಜೀವಿಗಳ ಚಿಪ್ಪು ನೋಡಿ ವಯಸ್ಸು ಲೆಕ್ಕ ಹಾಕಿದರು. ಶಿಲೀಂಧ್ರ ಸಿಕ್ಕಿದ ಪದರಗಳ ವಯಸ್ಸು 1.8 ಲಕ್ಷದಿಂದ 4.3 ಲಕ್ಷ ವರ್ಷ. ಇದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಆಸ್ಪರ್ಜಿಲಸ್ ಸಿಡೋವಿ. ನಿಮ್ಮ ಅಟ್ಟದ ಕೊಬ್ಬರಿಯ ಬೂಸ್ಟಿಗೆ ಹತ್ತಿರದ ನೆಂಟ.

ನೀರ್ಚಾಲಿನ ನಿವೃತ್ತ ಮಾಷ್ಟ್ರು

ನಾನು ಭೂಗೋಳ ಕಲಿಸಿದವ. ಸೂಕ್ಷ್ಮಜೀವಿಯ ವಿಷಯ ಇವರೇ ಹೇಳಲಿ. ಹೂಳಿನ ವಿಷಯ ನಾನು ಸ್ವಲ್ಪ ಹೇಳುತ್ತೇನೆ. ಹೂಳು ಎಂದರೆ ಏನು ಎಂದು ಮಕ್ಕಳಿಗೆ ಕಣ್ಣಿಗೆ ಕಟ್ಟದಿದ್ದರೆ ಉಳಿದದ್ದು ಯಾವುದೂ ತಲೆಗೆ ಹೋಗುವುದಿಲ್ಲ.

ಚಂದ್ರಗಿರಿ ಹೊಳೆ ಜುಲೈಯಲ್ಲಿ ಕೆಂಪಗೆ ಹರಿಯುವುದನ್ನು ಎಲ್ಲರೂ ನೋಡಿದ್ದೀರಿ. ಆ ಕೆಂಪು ಎಲ್ಲಿಗೆ ಹೋಗುತ್ತದೆ? ದೊಡ್ಡ ಮರಳು ಅಳಿವೆಯ ಹತ್ತಿರ ಬೀಳುತ್ತದೆ. ನುಣ್ಣನೆಯ ಮಣ್ಣು ದೂರ ಹೋಗಿ ನಿಧಾನವಾಗಿ ಕೂರುತ್ತದೆ. ಅದರ ಜೊತೆ ಎಲೆ, ಕಡ್ಡಿ, ಹೂವಿನ ಪರಾಗ, ಬೂಸ್ಟಿನ ಬೀಜಕಣ ಎಲ್ಲವೂ ಹೋಗುತ್ತವೆ. ಪ್ರತಿ ಮಳೆಗಾಲದಲ್ಲಿ ನಮ್ಮ ಗುಡ್ಡದಿಂದ ಕಡಲಿಗೆ ಶಿಲೀಂಧ್ರ ಹೋಗುತ್ತಲೇ ಇದೆ.

ನಮ್ಮ ಎದುರಿನ ಕಡಲಿನ ಆಳದಲ್ಲಿ ಜಾಸ್ತಿ ಇರುವುದು ಹಿಮಾಲಯದ ಕಡೆಯ ಮಣ್ಣು. ಸಿಂಧೂ ನದಿ ತಂದು ಹಾಕಿದ್ದು. 2015ರಲ್ಲಿ ‘ಜಾಯ್ಡಿಸ್ ರೆಸೊಲ್ಯೂಷನ್’ ಎಂಬ ಕೊರೆಯುವ ಹಡಗು ಅರಬ್ಬಿ ಸಮುದ್ರದ ಲಕ್ಷ್ಮೀ ಬೇಸಿನ್‌ಗೆ ಬಂದಿತ್ತು. ಭಾರತದ ವಿಜ್ಞಾನಿಗಳೂ ಅದರಲ್ಲಿದ್ದರು. ಒಂದು ಕಡೆ ಕಡಲ ತಳದಿಂದ 1100 ಮೀಟರಿಗೂ ಕೆಳಗೆ ಕೊರೆದರು. ಅಷ್ಟು ದಪ್ಪ ಹೂಳು! ಅದರ ನಡುವೆ ಒಂದು ಮಹಾ ಕುಸಿತದ ಗುರುತು ಸಿಕ್ಕಿತು. ಸುಮಾರು 1 ಕೋಟಿ ವರ್ಷದ ಹಿಂದೆ ಭಾರತದ ಪಶ್ಚಿಮದ ಕಡಲಿನೊಳಗಿನ ಇಳಿಜಾರು ಜರಿದು ಬಿದ್ದದ್ದು. ಅದಕ್ಕೆ ನಟರಾಜ ಕುಸಿತ ಎಂದು ಹೆಸರಿಟ್ಟಿದ್ದಾರೆ. ಆ ಹಡಗು 2024ರಲ್ಲಿ ಕೆಲಸ ನಿಲ್ಲಿಸಿತು. ನನಗೆ ತುಂಬಾ ಬೇಸರವಾಯಿತು.

ಟೀಚರ್ ಓದಿದ ಜಪಾನಿನ ಜಾಗದ ಕಥೆ ಇನ್ನೂ ಚೆಂದ. ಅದು ಶಿಮೊಕಿಟಾ ಪರ್ಯಾಯ ದ್ವೀಪದ ಆಚೆ. 2012ರಲ್ಲಿ ‘ಚಿಕ್ಯೂ’ ಎಂಬ ಹಡಗು ಕೊರೆಯಿತು. ನೀರಿನ ಆಳ 1180 ಮೀಟರ್, ಅದರ ಕೆಳಗೆ ಹೂಳಿನೊಳಗೆ 2466 ಮೀಟರ್. ಅಲ್ಲಿ ಸಿಕ್ಕಿದ್ದು ಕಲ್ಲಿದ್ದಲಿನ ಪದರ. ಕಲ್ಲಿದ್ದಲು ಎಂದರೆ ಹಳೆಯ ಕಾಡು ಅಲ್ವಾ? ಎರಡು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಜೌಗು ನೆಲದ ಕಾಡು ಇತ್ತು. ನೆಲ ತಗ್ಗಿತು, ಕಡಲು ಬಂತು, ಹೂಳು ಮುಚ್ಚಿತು. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಮಾಡಾಯಿಯಲ್ಲೂ ಜೇಡಿಮಣ್ಣಿನ ಜೊತೆ ಲಿಗ್ನೈಟ್ ಸಿಗುತ್ತದೆ. ಅದೂ ಒಂದು ಕಾಲದ ಮರಗಳೇ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕು ಎಂದು ಸೇವೆಯಲ್ಲಿದ್ದಾಗ ತುಂಬಾ ಆಸೆ ಇತ್ತು.

ಕುಂಬಳೆ ಟೀಚರ್

ಮಾಷ್ಟ್ರೇ, ಕಾಡೇ ಮುಳುಗಿತು ಎನ್ನುವುದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಕಾಡಿನ ಅಣಬೆಯೂ ಮರದ ಜೊತೆಗೇ ಕೆಳಗೆ ಹೋಯಿತಾ?

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ಟೀಚರೇ, ಹಾಗೆ ಯೋಚಿಸಲು ಕಾರಣ ಇದೆ. 2015ರಲ್ಲಿ ‘ಚಿಕ್ಯೂ’ ಹಡಗಿನ ತಂಡ ಪ್ರಕಟಿಸಿದ ಮಾತು ಇದು: ಕಲ್ಲಿದ್ದಲಿನ ಪದರದಲ್ಲಿರುವ ಬ್ಯಾಕ್ಟೀರಿಯಾಗಳ ಗುಂಪು ಮಾಮೂಲಿ ಕಡಲ ಹೂಳಿನ ಗುಂಪಿನ ಹಾಗಿಲ್ಲ, ಕಾಡಿನ ಮಣ್ಣಿನ ಗುಂಪಿನ ಹಾಗಿದೆ. ಅಲ್ಲಿನ ಜೀವಿಗಳ ಸಂಖ್ಯೆ ಮಾತ್ರ ತುಂಬಾ ಕಡಿಮೆ. ಕೆಲವು ಪದರದಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಜೀವಕೋಶವೂ ಇಲ್ಲ. ನಮ್ಮ ತೋಟದ ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಇರುತ್ತವೆ. ತೂತಿನ ತಳದಲ್ಲಿ ಶಾಖ ಸುಮಾರು 60 ಡಿಗ್ರಿ.

ಶಿಲೀಂಧ್ರ ಬೆಳೆಸಿದವರು ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದವರು. ಅದೇ ಕೋರ್‌ನ ತುಂಡುಗಳಿಂದ, ಸುಮಾರು 1.3ರಿಂದ 2.5 ಕಿಲೋಮೀಟರ್ ಆಳದ್ದರಿಂದ, ಹಲವು ಬಗೆ ಬೆಳೆಸಿದರು. 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದರ ಹೆಸರು ಸ್ಕೈಜೋಫಿಲಮ್ ಕಮ್ಯೂನ್. 1966 ಮೀಟರ್ ಕೆಳಗಿನಿಂದ ಬಂದದ್ದು. ಅದನ್ನು ಗಾಳಿ ಇಲ್ಲದ ಬಾಟಲಿಯಲ್ಲಿಟ್ಟರು. ನಿಧಾನವಾಗಿ, ಆದರೆ ಬೆಳೆಯಿತು.

ಈ ಜಾತಿ ನಿಮಗೆಲ್ಲ ಗೊತ್ತಿರುವುದೇ! ಒಣಗಿದ ಮಾವಿನ ಕೊಂಬೆಯ ಮೇಲೆ ಮಳೆಗಾಲದಲ್ಲಿ ಬಿಳಿ ಬೂದು ಬಣ್ಣದ ಸಣ್ಣ ಬೀಸಣಿಗೆಗಳು ಸಾಲಾಗಿ ಬರುತ್ತವಲ್ಲ, ಅದೇ. ಉಗುರಿಗಿಂತ ಸ್ವಲ್ಪ ದೊಡ್ಡದು. ಮೇಲೆ ನವಿರು ಕೂದಲು. ತಿರುವಿ ನೋಡಿದರೆ ಅಡಿಯ ಪದರಗಳು ಉದ್ದಕ್ಕೆ ಸೀಳಿರುತ್ತವೆ. ಒಣಗಿದಾಗ ಆ ಸೀಳುಗಳು ಸುರುಳಿ ಸುತ್ತಿಕೊಂಡು ಮುಚ್ಚಿಕೊಳ್ಳುತ್ತವೆ. ವರ್ಷಗಟ್ಟಲೆ ಹಾಗೇ ಇರಬಲ್ಲದು. ನೀರು ತಾಗಿದರೆ ಬಿಚ್ಚಿಕೊಂಡು ಮತ್ತೆ ಬೀಜಕಣ ಬಿಡುತ್ತದೆ. ಮಣಿಪುರದಲ್ಲಿ ಇದನ್ನು ಅಡುಗೆ ಮಾಡಿ ತಿನ್ನುತ್ತಾರೆ.

ಪೆರ್ಲದ ಅಡಿಕೆ ತೋಟ

ತಮ್ಮಾ, ಮಾವಿನ ಕೊಂಬೆಯ ಮೇಲಿರುವುದೇ ಎಂದು ನೀವೇ ಹೇಳಿದಿರಿ. ಎಲ್ಲಾ ಕಡೆ ಇರುವ ಜಾತಿ ಎಂದ ಮೇಲೆ ನನ್ನ ಸಂಶಯ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಸರಿ, ಗುರುತಿನ ರಾಸಾಯನಿಕ, ಖಾಲಿ ತಟ್ಟೆ ಎಲ್ಲ ಮಾಡಿದ್ದಾರೆ, ಕೆಳಗೇ ಇತ್ತು ಎಂದು ಒಪ್ಪೋಣ. ಆದರೂ ಇದ್ದದ್ದು ಬೇರೆ, ಬದುಕಿದ್ದು ಬೇರೆ. ನಮ್ಮ ಅಜ್ಜ ಪತ್ತಾಯದಲ್ಲಿ ಭತ್ತದ ಬೀಜ ಇಡುತ್ತಿದ್ದರು. ಬೀಜಕ್ಕೆ ಜೀವ ಉಂಟು. ಆದರೆ ಪತ್ತಾಯದಲ್ಲಿ ಬೇಸಾಯ ನಡೆಯುತ್ತಿದೆ ಎಂದು ಯಾರಾದರೂ ಹೇಳುತ್ತಾರಾ? ಲ್ಯಾಬಿನಲ್ಲಿ ಸಕ್ಕರೆ ನೀರು ಕೊಟ್ಟು ಮೊಳಕೆ ಬರಿಸಿದ್ದು ನೀವು. ಕೆಳಗೆ ಅದು ಏನು ಮಾಡುತ್ತಿತ್ತು?

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ಅಣ್ಣ, ಪತ್ತಾಯದ ಮಾತು ನಾನು ನನ್ನ ಮುಂದಿನ ಸೆಮಿನಾರಿನಲ್ಲಿ ಹೇಳುತ್ತೇನೆ, ಒಪ್ಪಿಗೆ ಕೊಡಿ. ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕೇಳಿಲ್ಲ.

ಬೆಳೆಸಿ ನೋಡುವ ಪರೀಕ್ಷೆಯಿಂದ ‘ಜೀವ ಇತ್ತು’ ಎಂದು ಮಾತ್ರ ಗೊತ್ತಾಗುತ್ತದೆ. ‘ಕೆಲಸ ಮಾಡುತ್ತಿತ್ತು’ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕು. ಜೀವಕೋಶ ಒಂದು ಕಿಣ್ವ ಮಾಡಬೇಕಾದರೆ ಮೊದಲು ಅದರ ಚೀಟಿ ಬರೆಯುತ್ತದೆ. ಅದು ಆರ್‌ಎನ್‌ಎ. ಡಿಎನ್‌ಎ ಮನೆಯ ಆಧಾರ ಪತ್ರದ ಹಾಗೆ, ಸತ್ತ ಮೇಲೂ ಬಹಳ ಕಾಲ ಉಳಿಯುತ್ತದೆ. ಆರ್‌ಎನ್‌ಎ ಅಂಗಡಿಗೆ ಬರೆದ ಚೀಟಿಯ ಹಾಗೆ, ಬೇಗ ಹಾಳಾಗುತ್ತದೆ. ಹೂಳಿನಲ್ಲಿ ಚೀಟಿ ಸಿಕ್ಕಿದರೆ ಆ ಮನೆಯಲ್ಲಿ ಅಡುಗೆ ನಡೆಯುತ್ತಿದೆ ಎಂದು ನಂಬಲು ಗಟ್ಟಿ ಕಾರಣ ಇದೆ.

ಪೆರು ದೇಶದ ಕರಾವಳಿಯ ಹೂಳಿನಲ್ಲಿ ಇಂಥ ಚೀಟಿ ಹುಡುಕಿದರು. ಕೋರ್ ತೆಗೆದದ್ದು 2002ರಲ್ಲಿ, ಮಾಷ್ಟ್ರು ಹೇಳಿದ ‘ಜಾಯ್ಡಿಸ್ ರೆಸೊಲ್ಯೂಷನ್’ ಹಡಗಿನಲ್ಲೇ. ವಿಲಿಯಂ ಒರ್ಸಿ, ವರ್ಜೀನಿಯಾ ಎಡ್ಜ್‌ಕೋಂಬ್, ಜೆನಿಫರ್ ಬಿಡ್ಲ್ ಮುಂತಾದವರು 2013ರಲ್ಲಿ ಪ್ರಕಟಿಸಿದರು. 5 ಮೀಟರಿನಿಂದ 159 ಮೀಟರ್ ಆಳದ ತನಕದ ಹೂಳು. ಬ್ಯಾಕ್ಟೀರಿಯಾಗಳ ಚೀಟಿಯ ಜೊತೆ ಶಿಲೀಂಧ್ರಗಳದ್ದೂ ಸಿಕ್ಕಿತು. ಹಳೆಯ ಸಾವಯವ ವಸ್ತು ಕರಗಿಸುವ ಕಿಣ್ವಗಳ ಚೀಟಿಯೂ ಇತ್ತು. ಅಲ್ಲಿ ಪತ್ತಾಯ ಮಾತ್ರ ಅಲ್ಲ, ಸಣ್ಣದಾಗಿ ಬೇಸಾಯವೂ ಉಂಟು ಎನ್ನಬಹುದು. ಆದರೆ 159 ಮೀಟರಿನ ಮಾತನ್ನು 2 ಕಿಲೋಮೀಟರಿಗೆ ಎಳೆಯಲು ನಾನು ಒಪ್ಪುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವಿಡಿಯೊಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಗೋವಾದ ತಂಡದ್ದು ಇನ್ನೊಂದು ಕೆಲಸ ಇದೆ. ಬೆಳೆಸದೆಯೇ, ಹೂಳಿನಲ್ಲಿ ನೇರವಾಗಿ ಕಣ್ಣಿನಿಂದ ನೋಡುವುದು. ಕ್ಯಾಲ್ಕೊಫ್ಲೋರ್ ಎಂಬ ಬಣ್ಣ ಹಾಕಿದರೆ ಶಿಲೀಂಧ್ರದ ಎಳೆಗಳು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಮಧ್ಯ ಹಿಂದೂ ಮಹಾಸಾಗರದ ಸುಮಾರು 5000 ಮೀಟರ್ ಆಳದ ಹೂಳಿನಲ್ಲಿ ಎಳೆಗಳು ಮೊದಲು ಅಷ್ಟು ಕಾಣಲಿಲ್ಲ. ಯಾಕೆಂದರೆ ಅವು ಹೂಳಿನ ಸಣ್ಣ ಸಣ್ಣ ಗಂಟುಗಳೊಳಗೆ ಅಡಗಿದ್ದವು. ಇಡಿಟಿಎ ಎಂಬ ರಾಸಾಯನಿಕ ಹಾಕಿ ಗಂಟು ಬಿಡಿಸಿದ ಮೇಲೆ ಜಾಸ್ತಿ ಕಂಡವು. ಎಳೆ ಕಂಡರೆ ಅದು ಬರೀ ಬೀಜಕಣ ಅಲ್ಲ, ಮೊಳೆತು ಬೆಳೆದದ್ದು. ಅಲ್ಲಿಂದ ತೆಗೆದವುಗಳನ್ನು ಹೆಚ್ಚಿನ ಒತ್ತಡದ ಪಾತ್ರೆಯಲ್ಲಿ ತಂಪಾಗಿ ಇಟ್ಟೂ ನೋಡಿದರು. ಅಲ್ಲೂ ಕೆಲವು ಬೆಳೆದವು. ಪ್ರತಿ 10 ಮೀಟರ್ ನೀರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 5000 ಮೀಟರಿಗೆ ಎಷ್ಟು ಎಂದು ಮಕ್ಕಳೇ ಲೆಕ್ಕ ಹಾಕಲಿ.

ಪೆರ್ಲದ ಅಡಿಕೆ ತೋಟ

ಎಳೆ ಕಂಡಿದ್ದಾರೆ ಎಂದರೆ ಅದು ಬೇರೆ ಮಾತು. ಈಗ ಒಪ್ಪುತ್ತೇನೆ. ಗಂಟು ಬಿಡಿಸಿ ನೋಡಿದರಲ್ಲ, ಅವರಿಗೆ ನನ್ನ ನಮಸ್ಕಾರ. ಪತ್ತಾಯದ ಮಾತು ಧಾರಾಳ ಹೇಳಿ.

ಬಾಯಾರಿನ ಸುರಂಗದ ಮನೆ

ಇದನ್ನೆಲ್ಲ ಓದುತ್ತಾ ಅಜ್ಜನ ನೆನಪು ಬಂತು. ನಮ್ಮ ಮನೆಗೆ ಈಗಲೂ ಸುರಂಗದ ನೀರೇ. ಅಜ್ಜ ಮತ್ತು ಇನ್ನೊಬ್ಬರು ಸೇರಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು. ಒಬ್ಬರು ಕೂತು ಪಿಕ್ಕಾಸಿನಲ್ಲಿ ಅಗೆಯುವಷ್ಟೇ ಅಗಲ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಒಳಗೆ ದೀಪ ಇಟ್ಟುಕೊಳ್ಳುವುದು ಬೆಳಕಿಗೆ ಮಾತ್ರ ಅಲ್ಲ. ದೀಪ ಸಣ್ಣಗಾದರೆ ಗಾಳಿ ಮುಗಿಯುತ್ತಿದೆ, ಹೊರಗೆ ಬರಬೇಕು ಎಂದು ಲೆಕ್ಕ.

ಒಂದು ಸಲ ಅರ್ಧಕ್ಕೆ ನಿಂತ ಕೆಲಸವನ್ನು ಎರಡು ವರ್ಷ ಬಿಟ್ಟು ಮುಂದುವರಿಸಲು ಹೋದರಂತೆ. ತುದಿಯಲ್ಲಿ ಬಿಟ್ಟು ಬಂದಿದ್ದ ಹಳೆಯ ಪಿಕ್ಕಾಸಿನ ಮರದ ಹಿಡಿಯ ಮೇಲೆಲ್ಲ ಬಿಳಿ ನೂಲು ಹಬ್ಬಿತ್ತು. ಮುಟ್ಟಿದರೆ ಹಿಡಿ ಪುಡಿಯಾಯಿತು. ಕತ್ತಲಲ್ಲಿ ದೀಪ ಹಿಡಿದಾಗ ಬೆಳ್ಳಿ ತಂತಿಯ ಹಾಗೆ ಕಂಡಿತು ಎಂದು ಹೇಳುತ್ತಿದ್ದರು. ನಾನು ಸಣ್ಣವಳಿದ್ದಾಗ ಅದನ್ನು ಕೇಳಿ ಹೆದರಿದ್ದೆ. ಅಜ್ಜ ಹೇಳಿದ್ದು ಇಷ್ಟೇ, ‘ಹೆದರಬೇಡ ಮಗಾ, ಅದಕ್ಕೂ ಹೊಟ್ಟೆ ಉಂಟಲ್ಲ, ಮರ ಸಿಕ್ಕಿತು, ತಿಂದಿತು.’

ಟೀಚರ್, ಮಕ್ಕಳನ್ನು ಕರೆದುಕೊಂಡು ಬರುವುದಾದರೆ ನಮ್ಮ ಸುರಂಗದ ಬಾಯಿ ತೋರಿಸುತ್ತೇನೆ. ಮಳೆಗಾಲದಲ್ಲಿ ಒಳಗೆ ಬಿಡಲು ಆಗುವುದಿಲ್ಲ, ಜರಿಯುವ ಭಯ. ಬೇಸಗೆಯಲ್ಲಿ ಬನ್ನಿ.

ಉಪ್ಪಳ ಮೆಡಿಕಲ್ಸ್

ಒಳ್ಳೆಯ ಚರ್ಚೆ. ಒಂದು ಸಣ್ಣ ಮಾತು ಸೇರಿಸುತ್ತೇನೆ. ಇದರಿಂದ ಏನು ಉಪಯೋಗ ಎಂದು ಮಕ್ಕಳ ಮನೆಯವರು ಕೇಳಿಯೇ ಕೇಳುತ್ತಾರೆ. ನಮ್ಮ ಅಂಗಡಿಯಲ್ಲಿ ದಿನಾ ಹೋಗುವ ಸೆಫಾಲೆಕ್ಸಿನ್, ಸೆಫಿಕ್ಸಿಮ್ ಎಲ್ಲ ಒಂದೇ ವಂಶದ ಔಷಧಿ. ಆ ವಂಶದ ಮೂಲ ಕಡಲಂಚಿನ ಒಂದು ಶಿಲೀಂಧ್ರ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಚರಂಡಿ ನೀರು ಕಡಲಿಗೆ ಸೇರುವ ಜಾಗದಿಂದ ಜ್ಯುಸೆಪ್ಪೆ ಬ್ರೋಟ್ಸು ಎಂಬ ವೈದ್ಯರು 1945ರಲ್ಲಿ ತೆಗೆದದ್ದು. ಆಳದ ಹೂಳಿನದ್ದನ್ನೂ ಹೀಗೆ ನೋಡಿದ್ದಾರಾ?

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ನೋಡಿದ್ದಾರೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ಬೇಸಿನ್‌ನ ಹೂಳಿನಿಂದ ಫ್ರಾನ್ಸಿನ ತಂಡ ಬೆಳೆಸಿದ ಶಿಲೀಂಧ್ರಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆದಿವೆ. ಅದರಿಂದ ಔಷಧಿ ಆಗುವುದು ದೂರದ ಮಾತು. ಆದರೆ ಉಪಯೋಗ ಇಲ್ಲದಿದ್ದರೂ ಆ ಹುಡುಗಿಯ ಪ್ರಶ್ನೆಗೆ ಬೆಲೆ ಉಂಟು ಎಂದು ಅವಳಿಗೆ ಹೇಳಿ ಟೀಚರೇ.

ಕುಂಬಳೆ ಟೀಚರ್

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಎರಡು ದಿನದಿಂದ ಅಡುಗೆ ಮಾಡುವಾಗಲೂ ಇದೇ ಯೋಚನೆ. ಸೋಮವಾರ ಬೋರ್ಡಿನಲ್ಲಿ ಹೀಗೆ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ.

‘ಹೆಚ್ಚಿನ ಶಿಲೀಂಧ್ರಗಳಿಗೆ ಗಾಳಿ ಬೇಕು. ಕೆಲವು ಗಾಳಿ ಇಲ್ಲದೆಯೂ ನಿಧಾನವಾಗಿ ಬದುಕುತ್ತವೆ. ಕಡಲ ತಳದ ಕೆಳಗಿನ ಹೂಳಿನಲ್ಲಿ ಶಿಲೀಂಧ್ರಗಳು ಕೆಲಸ ಮಾಡುತ್ತಿರುವುದಕ್ಕೆ ಪೆರು ಕರಾವಳಿಯಲ್ಲಿ ಪುರಾವೆ ಸಿಕ್ಕಿದೆ. ಜಪಾನಿನಲ್ಲಿ 2 ಕಿಲೋಮೀಟರ್ ಕೆಳಗೂ ಅವು ಬೆಳೆಯುತ್ತವೆ.’

ಚಾಗೋಸ್ ಮತ್ತು ಗೋವಾದ ವಿಷಯ ಬಾಯಿಯಲ್ಲಿ ಹೇಳುತ್ತೇನೆ. ಭೂಪಟದಲ್ಲಿ ಕುಂಬಳೆಯಿಂದ ಗೋವಾ ಎಷ್ಟು ಹತ್ತಿರ ಎಂದು ತೋರಿಸುತ್ತೇನೆ. ಎರಡು ಡಬ್ಬಿಯಲ್ಲಿ ಬೇಯಿಸಿದ ಅನ್ನ ಇಟ್ಟು, ಒಂದನ್ನು ತೆರೆದು, ಒಂದನ್ನು ಮುಚ್ಚಿ, ‘ಖಾಲಿ ತಟ್ಟೆ’ ಎಂದರೆ ಏನು ಎಂದು ಮಾಡಿ ತೋರಿಸುವ ಯೋಚನೆಯೂ ಇದೆ.

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ಕೊನೆಯ ಸಾಲು ಮಾತ್ರ ಬದಲಾಯಿಸಿ. ‘ಜಪಾನಿನಲ್ಲಿ 2 ಕಿಲೋಮೀಟರ್ ಕೆಳಗಿನ ಪದರದಿಂದ ತೆಗೆದ ಶಿಲೀಂಧ್ರವನ್ನು ಲ್ಯಾಬಿನಲ್ಲಿ ಬೆಳೆಸಿದ್ದಾರೆ’ ಎಂದು ಬರೆಯಿರಿ. ಪೆರ್ಲದ ಅಣ್ಣನ ಪತ್ತಾಯ ನೆನಪಿರಲಿ. ಅನ್ನದ ಪ್ರಯೋಗಕ್ಕೆ ಎರಡೂ ಡಬ್ಬಿಯನ್ನು ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ. ಬೂಸ್ಟು ಬಂದ ಮೇಲೆ ಮುಚ್ಚಳ ತೆರೆಯಲು ಮಕ್ಕಳನ್ನು ಬಿಡಬೇಡಿ.

ಕುಂಬಳೆ ಟೀಚರ್

ಬದಲಾಯಿಸಿದೆ. ಒಳ್ಳೆಯದಾಯಿತು ತಮ್ಮಾ, ಇಲ್ಲದಿದ್ದರೆ ನಾನೇ ತಪ್ಪು ಕಲಿಸುತ್ತಿದ್ದೆ.

ಪೆರ್ಲದ ಅಡಿಕೆ ತೋಟ

ಟೀಚರೇ, ಈಗ ಟಾರ್ಚ್ ಹಿಡಿದು ಹಟ್ಟಿಯ ಹಿಂದೆ ಹೋಗಿ ಬಂದೆ. ಮೊನ್ನೆಯ ಗಾಳಿಗೆ ಬಿದ್ದ ಮಾವಿನ ಕೊಂಬೆಯಲ್ಲಿ ತಮ್ಮ ಹೇಳಿದ ಬೀಸಣಿಗೆ ಸಾಲಾಗಿ ಇದೆ. ತಿರುವಿ ನೋಡಿದೆ, ಅಡಿಯ ಪದರ ಸೀಳಿದೆ. ಸೋಮವಾರ ಪೆರ್ಲದಿಂದ ಬೆಳಗ್ಗಿನ ಬಸ್ಸಿಗೆ ಮಗನ ಕೈಯಲ್ಲಿ ಒಂದು ತುಂಡು ಕಳುಹಿಸುತ್ತೇನೆ. ಪ್ಲಾಸ್ಟಿಕ್ ಬೇಡ, ಕಾಗದದಲ್ಲಿ ಸುತ್ತಿ ಕೊಡುತ್ತೇನೆ. ಅಷ್ಟರಲ್ಲಿ ಒಣಗಿ ಮುಚ್ಚಿಕೊಂಡರೆ ಒಳ್ಳೆಯದೇ. ಆ ಹುಡುಗಿಯ ಕೈಯಿಂದಲೇ ನಾಲ್ಕು ಹನಿ ನೀರು ಹಾಕಿಸಿ.

ಬದಿಯಡ್ಕದವ, ಈಗ ಲ್ಯಾಬಿನಲ್ಲಿ

ಮಕ್ಕಳು ಮೂಗಿನ ಹತ್ತಿರ ಹಿಡಿಯದಂತೆ ನೋಡಿಕೊಳ್ಳಿ. ಅದರ ಬೀಜಕಣ ಅಪರೂಪಕ್ಕೆ ಮೂಗು, ಶ್ವಾಸಕೋಶದಲ್ಲಿ ತೊಂದರೆ ಕೊಡುವುದುಂಟು. ಗಾಜಿನ ತಟ್ಟೆಯಲ್ಲಿಟ್ಟು, ಭೂತಗನ್ನಡಿಯಲ್ಲಿ ನೋಡಲಿ. ನೀರು ಹಾಕಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಪೀರಿಯಡ್ ಶುರುವಾದ ಕೂಡಲೇ ಹಾಕಿಬಿಡಿ.